ಇನ್ನೊಂದು ಬೆಕ್ಕು ತರಬಹುದೇ?
(ಮನೆ ಬಾಡಿಗೆಗೆ ಕೊಟ್ಟವರಿಗೂ ಬಾಡಿಗೆಗೆ ಇರುವವರಿಗೂ ಕೆಲವು ಮಾತುಗಳು)

ಕೋಠಿಯ ಗಲ್ಲಿಗಳಲ್ಲಿ ಓಡಾಡಿದವರಿಗೆ ಅಲ್ಲಿನ ಮನೆಗಳ ರೀತಿ ಗೊತ್ತೇ ಇರುತ್ತದೆ. ಸುಲ್ತಾನ್ ಬಜಾರ್, ಬಡಿ ಚೌಡಿ, ಬೊಗ್ಗುಲಕುಂಟ, ಹನುಮಾನ್ ಟೇಕ್ಡಿ, ಎಲ್ಲಿಗೆ ಹೋದರೂ ಕೆಳಗೆ ಅಂಗಡಿ, ಮೇಲೆ ಮನೆ. ಮುಂದಿನ ಭಾಗದಲ್ಲಿ ಮಾಲೀಕರು, ಹಿಂದೆ ಒಂದು ಪೋರ್ಷನ್, ಮಹಡಿಯಲ್ಲಿ ಮತ್ತೊಂದು ಪೋರ್ಷನ್. ಎಲ್ಲರಿಗೂ ಮೆಟ್ಟಿಲು ಒಂದೇ, ಹಪ್ಪಳ ಸಂಡಿಗೆ ಒಣಹಾಕುವ ಮಹಡಿಯೂ ಒಂದೇ. ಒಬ್ಬರ ಮನೆಯ ಒಗ್ಗರಣೆಯ ವಾಸನೆ ಇನ್ನೊಬ್ಬರ ಮನೆಗೆ ಕೇಳದೆಯೇ ಬರುತ್ತದೆ. ಇಂಥ ಮನೆಯಲ್ಲಿ ಒಬ್ಬರು ಒಂದು ಪ್ರಾಣಿ ಸಾಕಿದರೆ ಅದು ಎಲ್ಲರ ಸಂಗತಿಯಾಗುವುದು ಸಹಜ.

1956ರ ನವೆಂಬರ್ 1ಕ್ಕೆ ಮುಂಚೆ ಬೀದರ್, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಓದಿಗೆ, ನೌಕರಿಗೆ, ವ್ಯಾಪಾರಕ್ಕೆ ಅಲ್ಲಿಂದ ಬಂದವರು ಎಷ್ಟೋ ಮಂದಿ. ಆಮೇಲೆ ಬ್ಯಾಂಕು, ಸರ್ಕಾರಿ ಕಚೇರಿಗಳ ವರ್ಗಾವಣೆಯ ಮೇಲೆ ಬಂದವರು ಇನ್ನಷ್ಟು. ಕಾಚಿಗುಡದ ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರಗಳಿಗೆ ನಡೆದು ಹೋಗುವಷ್ಟು ಹತ್ತಿರ ಎಂದು ಈ ಭಾಗದಲ್ಲೇ ಬಾಡಿಗೆ ಹಿಡಿದವರೂ ಉಂಟು. ಅವರಲ್ಲಿ ಕೆಲವರು ಕಾಲಕ್ರಮದಲ್ಲಿ ಮನೆ ಕೊಂಡರು, ಮಹಡಿ ಕಟ್ಟಿಸಿದರು, ಅದನ್ನು ಬಾಡಿಗೆಗೆ ಕೊಟ್ಟರು.

ಯುವ ಮಿತ್ರರೇ, ಆ ಮನೆಗಳ ಮಕ್ಕಳು ನೀವು. ನಿಮ್ಮ ಸ್ಥಿತಿ ವಿಚಿತ್ರವಾದದ್ದು. ಕೊಂಡಾಪುರದಲ್ಲೋ ಮಾದಾಪುರದಲ್ಲೋ ಫ್ಲ್ಯಾಟ್ ಹಿಡಿದಿರುವಾಗ ನೀವು ಬಾಡಿಗೆದಾರರು. ಅಪ್ಪ ಅಮ್ಮನಿಗೆ ವಯಸ್ಸಾಗಿ, ಕೋಠಿಯ ಮನೆಯ ಬಾಡಿಗೆ ವ್ಯವಹಾರ ನಿಮ್ಮ ಫೋನಿಗೆ ಬಂದಾಗ ನೀವೇ ಮಾಲೀಕರು. ಆದ್ದರಿಂದ ಈ ಲೇಖನವನ್ನು ಎರಡೂ ಕಡೆ ಕುಳಿತು ಓದಬೇಕೆಂದು ಕೋರಿಕೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಹಡಿಯ ಪೋರ್ಷನ್ನಿನಲ್ಲಿ ಉಸ್ಮಾನಿಯಾ ಮೆಡಿಕಲ್ ಕಾಲೇಜಿನಲ್ಲಿ ಓದುವ ಇಬ್ಬರು ಹುಡುಗಿಯರು. ಅವರ ಬಳಿ ಒಂದು ಬೆಕ್ಕು. ಮನೆ ಕೊಡುವಾಗಲೇ ಹೇಳಿದ್ದರು, ಅಮ್ಮ ಒಪ್ಪಿದ್ದರು. ವರ್ಷ ಕಳೆದ ಮೇಲೆ ಒಂದು ದಿನ ಬಾಗಿಲಲ್ಲಿ ನಿಂತು, "ಆಂಟೀ, ಇನ್ನೊಂದು ಮರಿ ತರಬಹುದಾ? ಕಾಲೇಜಿನ ಹತ್ತಿರ ಸಿಕ್ಕಿತು, ತುಂಬಾ ಚಿಕ್ಕದು" ಎಂದು ಕೇಳುತ್ತಾರೆ. ಅಮ್ಮನಿಗೆ ಏನು ಹೇಳಬೇಕೋ ತೋಚದು. "ನೋಡಮ್ಮಾ, ಮಗನನ್ನು ಕೇಳಿ ಹೇಳ್ತೀನಿ" ಎನ್ನುತ್ತಾರೆ. ಸಂಜೆ ನಿಮಗೆ ಫೋನು ಬರುತ್ತದೆ.

ಸಾಮಾನ್ಯವಾಗಿ ನಮ್ಮ ಬಾಯಿಗೆ ಬರುವ ಉತ್ತರಗಳು ಎರಡು. "ಒಂದು ಇದ್ದ ಮೇಲೆ ಇನ್ನೊಂದು ಬಂದರೇನು" ಎಂಬುದು ಮೊದಲನೆಯದು. "ಒಂದಕ್ಕೆ ಬಿಟ್ಟದ್ದೇ ಹೆಚ್ಚಾಯಿತು" ಎಂಬುದು ಎರಡನೆಯದು. ಎರಡರಲ್ಲೂ ಯೋಚನೆ ಇಲ್ಲ. ಒಪ್ಪಿಗೆ ಎಂಬುದು ಯಾವಾಗಲೂ ಇಂಥ ಪ್ರಾಣಿಗೆ, ಇಂಥ ಮನೆಯಲ್ಲಿ, ಇಂಥವರ ಜವಾಬ್ದಾರಿಯ ಮೇಲೆ ಎಂದು ಕೊಡುವಂಥದು. ಮೊದಲನೆಯದಕ್ಕೆ ಕೊಟ್ಟ ಒಪ್ಪಿಗೆ ತಾನಾಗಿ ಎರಡನೆಯದಕ್ಕೆ ಹರಿದುಬರುವುದಿಲ್ಲ. ಎರಡನೆಯದು ಬೇಡವೆನಿಸಿದ ಮಾತ್ರಕ್ಕೆ ಮೊದಲನೆಯದರ ಒಪ್ಪಿಗೆ ಹೋಗುವುದೂ ಇಲ್ಲ. ಪ್ರತಿ ಪ್ರಾಣಿಗೂ ಬೇರೆಯಾಗಿ ಕೇಳಬೇಕು, ಬೇರೆಯಾಗಿ ಯೋಚಿಸಿ ಉತ್ತರ ಕೊಡಬೇಕು.

ಒಂದಕ್ಕೆ ಒಂದು ಸೇರಿದರೆ

ಎರಡನೆಯ ಪ್ರಾಣಿ ಬಂದಾಗ ಲೆಕ್ಕ ಬದಲಾಗುತ್ತದೆ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ಗರ್ಭದ ಕಾಲ ಒಂಬತ್ತು ವಾರ ಮಾತ್ರ. ಗಂಡೊಂದು ಹೆಣ್ಣೊಂದು ಒಟ್ಟಿಗಿದ್ದು, ಯಾವುದಕ್ಕೂ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿಲ್ಲದಿದ್ದರೆ, ವರ್ಷದೊಳಗೆ ಮನೆಯಲ್ಲಿ ಎಷ್ಟು ಬೆಕ್ಕು ಎಂದು ಎಣಿಸುವುದೇ ಕಷ್ಟ. ಕೇಳಿದ್ದು ಒಂದು ಮರಿಗೆ, ಬಂದದ್ದು ಸಂಸಾರ!

ಬೆಕ್ಕುಗಳಿಗೆ ತಮ್ಮ ತಮ್ಮ ಜಾಗ ಬೇಕು. ಮಲಮೂತ್ರಕ್ಕೆ ಮರಳಿನ ತಟ್ಟೆ ಬೆಕ್ಕಿಗೊಂದರಂತೆ ಇದ್ದು, ಮೇಲೊಂದು ಹೆಚ್ಚಿಗೆ ಇರಬೇಕೆಂದು ಪಶುವೈದ್ಯರು ಹೇಳುತ್ತಾರೆ. ಎರಡು ಬೆಕ್ಕಿಗೆ ಮೂರು ತಟ್ಟೆ. ಎರಡು ಕೋಣೆಯ ಪೋರ್ಷನ್ನಿನಲ್ಲಿ ಮೂರು ತಟ್ಟೆ ಎಲ್ಲಿಡುತ್ತಾರೆ? ಜಾಗ ಸಾಲದಿದ್ದರೆ ಬೆಕ್ಕು ತನ್ನದೇ ದಾರಿ ಹುಡುಕುತ್ತದೆ. ಮಹಡಿಯ ಮೇಲಿನ ತುಳಸಿ ಕುಂಡದ ಮಣ್ಣು ಅದಕ್ಕೆ ಬಹಳ ಅನುಕೂಲ! ಅಲ್ಲಿಂದ ಮುಂದೆ ಅಮ್ಮನ ಕಡೆಯಿಂದ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ.

ನಾಯಿಯಾದರೆ ಬೇರೆ ಲೆಕ್ಕ. ಒಂದೇ ನಾಯಿ ಇದ್ದಾಗ ಸುಮ್ಮನಿದ್ದದ್ದು ಇನ್ನೊಂದು ಬಂದ ಮೇಲೆ ಬೊಗಳಲು ಕಲಿಯಬಹುದು. ಮಾಲೀಕರು ಕೆಲಸಕ್ಕೆ ಹೋದ ಎಂಟು ಹತ್ತು ಗಂಟೆ ಎರಡೂ ಒಳಗೇ ಇದ್ದರೆ ಕೆಳಗಿನ ಮನೆಯ ಮುದುಕರಿಗೆ ಮಧ್ಯಾಹ್ನದ ನಿದ್ದೆ ಇಲ್ಲ. ಕಿರಿದಾದ ಮೆಟ್ಟಿಲ ಮೇಲೆ ಎರಡು ನಾಯಿ ಇಳಿಯುವಾಗ ಕೋಲೂರಿ ಹತ್ತುವ ಅಜ್ಜಿ ಎದುರಾದರೆ ಅಪಾಯವೂ ಉಂಟು. ಇನ್ನೊಂದೆಡೆ, ಒಂಟಿಯಾಗಿ ಕೊರಗುವ ಪ್ರಾಣಿಗೆ ಜೊತೆ ಸಿಕ್ಕಿ ಮನೆ ಶಾಂತವಾಗುವುದೂ ಇದೆ. ಅದಕ್ಕೇ "ಎಷ್ಟು" ಎಂಬುದಕ್ಕಿಂತ "ಯಾವುದು, ಎಲ್ಲಿ, ಹೇಗೆ" ಎಂದು ಕೇಳುವುದು ಮುಖ್ಯ.

ಹಳೆಯ ಮನೆಯ ನೆಲ, ಗೋಡೆ

ನಮ್ಮ ಹಳೆಯ ಮನೆಗಳಲ್ಲಿ ನೆಲಕ್ಕೆ ಶಹಾಬಾದ್ ಕಲ್ಲು, ಗೋಡೆಗೆ ಸುಣ್ಣದ ಗಾರೆ. ಶಹಾಬಾದ್ ಕಲ್ಲು ನಮ್ಮ ಕಲಬುರಗಿ ಜಿಲ್ಲೆಯದೇ, ಸುಣ್ಣಕಲ್ಲಿನ ಜಾತಿ. ಕಲ್ಲಿನ ಸಂದುಗಳೂ ಸುಣ್ಣದ ಗಾರೆಯೂ ತೇವವನ್ನು ಹೀರಿಕೊಳ್ಳುತ್ತವೆ. ಬೆಕ್ಕಿನ ಮೂತ್ರ ಒಮ್ಮೆ ಒಳಗೆ ಇಳಿದರೆ ಮಳೆಗಾಲದಲ್ಲೆಲ್ಲ ವಾಸನೆ ಏಳುತ್ತದೆ. ಅದನ್ನು ತೆಗೆಯಲೆಂದು ಬಚ್ಚಲು ತೊಳೆಯುವ ಆ್ಯಸಿಡ್ ಸುರಿಯುವವರಿದ್ದಾರೆ. ಸುಣ್ಣಕಲ್ಲನ್ನು ಆ್ಯಸಿಡ್ ತಿನ್ನುತ್ತದೆ; ಕಲೆ ಹೋಗುವುದರ ಬದಲು ಕಲ್ಲೇ ಹಾಳಾಗುತ್ತದೆ. ಫಿನಾಯಿಲ್ ಹಾಕಿ ಒರೆಸಿದರೆ ಅದು ಬೆಕ್ಕಿಗೆ ವಿಷ. ಪಾದಕ್ಕೆ ಅಂಟಿದ್ದನ್ನು ಅದು ನೆಕ್ಕಿಕೊಳ್ಳುತ್ತದೆ. ಮೂತ್ರದ ವಾಸನೆಯನ್ನು ಒಡೆಯುವ ಎಂಜೈಮ್ ಇರುವ ದ್ರಾವಣಗಳು ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುತ್ತವೆ. ಒದ್ದೆ ಆರುವ ಮೊದಲೇ ಬಟ್ಟೆಯಿಂದ ಹೀರಿಸಿ ಆಮೇಲೆ ಅದನ್ನು ಬಳಸಬೇಕು.

ನಾಯಿಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಉಣ್ಣೆಯದು. ನಾಯಿಯ ಮೈಮೇಲಿನ ಕಂದು ಉಣ್ಣೆ ಕೆಳಗೆ ಬಿದ್ದು ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಹಳೆಯ ಮನೆಗಳಲ್ಲಿ ಬಿರುಕಿಗೆ ಕೊರತೆಯೇ? ತಿಂಗಳ ಔಷಧಿ ತಪ್ಪಿಸದವರಿಗೆ ಈ ತೊಂದರೆ ಬರುವುದು ಕಡಿಮೆ. ಮೊದಲ ನಾಯಿಗೆ ಔಷಧಿ ಸರಿಯಾಗಿ ಹಾಕಿಸಿದವರು ಎರಡನೆಯದಕ್ಕೂ ಹಾಕಿಸುತ್ತಾರೆಂದು ನಂಬಬಹುದು. ಮಾಲೀಕರಿಗೆ ಇದು ಒಳ್ಳೆಯ ಅಳತೆಗೋಲು: ಮೊದಲ ಪ್ರಾಣಿಯನ್ನು ಅವರು ಹೇಗೆ ಇಟ್ಟುಕೊಂಡಿದ್ದಾರೆಂದು ನೋಡಿದರೆ ಎರಡನೆಯದರ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಕಾನೂನು ಏನು ಹೇಳುತ್ತದೆ?

ಬಾಡಿಗೆ ಮನೆಯಲ್ಲಿ ಇಷ್ಟೇ ಪ್ರಾಣಿ ಇರಬೇಕೆಂದು ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಇಲ್ಲ. 2018ರಲ್ಲಿ ಬೆಂಗಳೂರು ಮಹಾನಗರಪಾಲಿಕೆ ಫ್ಲ್ಯಾಟಿಗೆ ಒಂದು ನಾಯಿ, ಸ್ವತಂತ್ರ ಮನೆಗೆ ಮೂರು ಎಂದು ಮಿತಿ ಹಾಕಲು ಹೊರಟಿತ್ತು. ಜನರಿಂದ ತೀವ್ರ ವಿರೋಧ ಬಂದು ಅದನ್ನು ತಡೆಹಿಡಿಯಲಾಯಿತು.

ಎರಡು ಸಂಗತಿಗಳನ್ನು ಇಲ್ಲಿ ಬಿಡಿಸಿ ನೋಡಬೇಕು. ಅಪಾರ್ಟ್‌ಮೆಂಟ್ ಸಂಘಗಳು ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅಂಥ ನಿಷೇಧದ ನಿಯಮಗಳು ಸಿಂಧುವಲ್ಲ ಎಂದು ಕೇರಳ ಹೈಕೋರ್ಟ್ 2021ರಲ್ಲಿ ಹೇಳಿತು. ಇವು ಸಂಘ ಮತ್ತು ನಿವಾಸಿಗಳ ನಡುವಿನ ಮಾತು. ಮಾಲೀಕ ಮತ್ತು ಬಾಡಿಗೆದಾರರ ನಡುವೆ ಮುಖ್ಯವಾಗುವುದು ಅವರಿಬ್ಬರ ಕರಾರು. ಅದರಲ್ಲಿ "ಮಾಲೀಕರ ಒಪ್ಪಿಗೆ ಇಲ್ಲದೆ ಸಾಕುಪ್ರಾಣಿ ತರುವಂತಿಲ್ಲ" ಎಂದು ಇದ್ದರೆ ಅದನ್ನು ಪಾಲಿಸಬೇಕು. ಏನೂ ಬರೆದಿಲ್ಲದಿದ್ದರೆ ಮುಂದೆ ಜಗಳಕ್ಕೆ ದಾರಿ.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ, ಸಹಜ ಸವೆತವನ್ನು ಬಿಟ್ಟು, ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂತಿರುಗಿಸುವುದು ಬಾಡಿಗೆದಾರರ ಕರ್ತವ್ಯ. ತಿಂಗಳ ಬಾಡಿಗೆಯ ಮನೆಯನ್ನು, ಬೇರೆ ಕರಾರು ಇಲ್ಲದಿದ್ದಾಗ, 15 ದಿನಗಳ ನೋಟಿಸು ಕೊಟ್ಟು ತೆರವು ಮಾಡಿಸಬಹುದೆಂದೂ ಅದೇ ಕಾಯ್ದೆ ಹೇಳುತ್ತದೆ. ಕಡಿಮೆ ಬಾಡಿಗೆಯ ಹಳೆಯ ಕಟ್ಟಡಗಳಿಗೆ 1960ರ ಬಾಡಿಗೆ ನಿಯಂತ್ರಣ ಕಾಯ್ದೆ ಇದೆ. ಅದರಲ್ಲಿ ನೆರೆಹೊರೆಯವರಿಗೆ ಉಪದ್ರವ ಕೊಡುವ ನಡತೆಯೂ ಮನೆ ಬಿಡಿಸಲು ಒಂದು ಕಾರಣ. ಆದರೆ ಸಿಟ್ಟು ಬಂತೆಂದು ನಲ್ಲಿ ನೀರು ನಿಲ್ಲಿಸುವುದು, ಕರೆಂಟು ತೆಗೆಯುವುದು, ಬೀಗ ಹಾಕುವುದು ಸಲ್ಲದು. ಅದರಿಂದ ನ್ಯಾಯ ಇರುವ ಮಾಲೀಕರೂ ತಪ್ಪಿತಸ್ಥರಾಗುತ್ತಾರೆ.

ಗಿಳಿಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ನಮ್ಮ ಅಜ್ಜಿಯರ ಮನೆಗಳಲ್ಲಿ ಪಂಜರದ ಗಿಳಿ ಸಾಮಾನ್ಯವಾಗಿತ್ತು. ಇಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ದೇಶದ ಗಿಳಿಯನ್ನೂ ನಕ್ಷತ್ರ ಆಮೆಯನ್ನೂ ಹಿಡಿದು ಸಾಕುವುದು ಅಪರಾಧ. ಬಾಡಿಗೆದಾರರು ಇವುಗಳಿಗೆ ಅನುಮತಿ ಕೇಳಿದರೆ ಮಾಲೀಕರು ಕೊಡಲು ಬರುವುದೇ ಇಲ್ಲ.

ಹೊರದೇಶಗಳಲ್ಲಿರುವ ನಮ್ಮ ಬಂಧುಗಳು ಬೇರೆ ಪದ್ಧತಿ ನೋಡುತ್ತಿದ್ದಾರೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2020ರ ಮಾರ್ಚ್‌ನಿಂದ, ಬಾಡಿಗೆದಾರರು ಲಿಖಿತವಾಗಿ ಕೇಳಿದ ಮೇಲೆ ಮಾಲೀಕರು ಬೇಡವೆನ್ನಬೇಕಾದರೆ 14 ದಿನಗಳೊಳಗೆ ನ್ಯಾಯಮಂಡಳಿಗೆ ಹೋಗಬೇಕು, ಹೋಗದಿದ್ದರೆ ಒಪ್ಪಿದಂತೆ. ಇಂಗ್ಲೆಂಡಿಗಾಗಿ 2025ರಲ್ಲಿ ಅಂಗೀಕಾರವಾದ ಬಾಡಿಗೆದಾರರ ಹಕ್ಕುಗಳ ಕಾಯ್ದೆ, ಮಾಲೀಕರು ಸಾಮಾನ್ಯವಾಗಿ 28 ದಿನಗಳಲ್ಲಿ ಉತ್ತರಿಸಬೇಕು, ಸಕಾರಣವಿಲ್ಲದೆ ನಿರಾಕರಿಸಬಾರದು ಎನ್ನುತ್ತದೆ. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. ಆದರೂ ಆ ಪದ್ಧತಿಯಿಂದ ಮೂರು ಒಳ್ಳೆಯ ಅಭ್ಯಾಸಗಳನ್ನು ಕಲಿಯಬಹುದು: ಬರೆದು ಕೇಳುವುದು, ಗೊತ್ತಾದ ದಿನದೊಳಗೆ ಉತ್ತರಿಸುವುದು, ಕಾರಣ ಹೇಳುವುದು.

ಮಾಲೀಕರು ಕೇಳಬೇಕಾದ ಪ್ರಶ್ನೆಗಳು

ಅಮ್ಮನ ಫೋನು ಬಂದಾಗ ನೀವು ಮೊದಲು ಹೇಳಬೇಕಾದ್ದು, "ಎರಡು ದಿನ ಸಮಯ ಕೇಳಮ್ಮಾ, ಆಮೇಲೆ ಖಂಡಿತ ಉತ್ತರ ಕೊಡೋಣ" ಎಂದು. ಆ ಎರಡು ದಿನಗಳಲ್ಲಿ ಬಾಡಿಗೆದಾರರನ್ನು ಕೂರಿಸಿಕೊಂಡು ಇವಿಷ್ಟನ್ನು ಕೇಳಿ:

1. ಪ್ರಾಣಿ ಯಾವುದು, ವಯಸ್ಸೆಷ್ಟು, ಪೂರ್ತಿ ಬೆಳೆದರೆ ಎಷ್ಟು ದೊಡ್ಡದಾಗುತ್ತದೆ?

2. ಲಸಿಕೆ ಆಗಿದೆಯೇ? ರೇಬೀಸ್ ಲಸಿಕೆಯ ದಾಖಲೆ ತೋರಿಸಲು ಸಾಧ್ಯವೇ? ನಾಯಿಯಾದರೆ ನಗರಪಾಲಿಕೆಯಲ್ಲಿ ನೋಂದಾಯಿಸುತ್ತಾರೆಯೇ?

3. ಸಂತಾನಹರಣ ಚಿಕಿತ್ಸೆ ಮೊದಲನೆಯದಕ್ಕೆ ಆಗಿದೆಯೇ, ಎರಡನೆಯದಕ್ಕೆ ಯಾವಾಗ?

4. ಹಗಲು ಯಾರು ನೋಡಿಕೊಳ್ಳುತ್ತಾರೆ? ಪರೀಕ್ಷೆ, ರಜೆ, ಊರಿಗೆ ಹೋಗುವ ದಿನಗಳಲ್ಲಿ?

5. ಇಬ್ಬರು ಸೇರಿ ಬಾಡಿಗೆಗಿದ್ದರೆ ಪ್ರಾಣಿ ಯಾರದು? ಒಬ್ಬರು ಬಿಟ್ಟುಹೋದರೆ ಅದು ಯಾರ ಜೊತೆ ಹೋಗುತ್ತದೆ?

ಐದನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಕೋರ್ಸು ಮುಗಿದು ಇಬ್ಬರೂ ಎರಡು ದಿಕ್ಕಿಗೆ ಹೋದಾಗ "ಅವಳದು" "ಇವಳದು" ಎಂಬ ಮಾತಿನ ನಡುವೆ ಬೆಕ್ಕು ಮಹಡಿಯಲ್ಲೇ ಉಳಿಯುತ್ತದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಇಲ್ಲಿ ತಿರುಗಿ ಬೀಳುತ್ತದೆ: ಪ್ರಾಣಸಂಕಟ ಬೆಕ್ಕಿಗೇ.

ಇನ್ನು ಮನೆಯೊಳಗಿನವರನ್ನೂ ಕೇಳಬೇಕು. ಹಿಂದಿನ ಪೋರ್ಷನ್ನಿನಲ್ಲಿ ಆಸ್ತಮಾ ಇರುವವರು ಇದ್ದಾರೆಯೇ? ಗರ್ಭಿಣಿಯರಿದ್ದರೆ ಬೆಕ್ಕಿನ ಮರಳಿನ ತಟ್ಟೆಯನ್ನು ಅವರು ಮುಟ್ಟಬಾರದು, ಅದರಿಂದ ಟಾಕ್ಸೋಪ್ಲಾಸ್ಮ ಎಂಬ ಸೋಂಕು ತಗಲಬಹುದು. ಮಕ್ಕಳಿದ್ದರೆ, ಪ್ರಾಣಿ ಕಚ್ಚಿದಾಗ ಅಥವಾ ಪರಚಿದಾಗ ಏನು ಮಾಡಬೇಕೆಂದು ಎಲ್ಲರಿಗೂ ತಿಳಿದಿರಬೇಕು: ಗಾಯವನ್ನು ಸೋಪು ನೀರಿನಿಂದ 15 ನಿಮಿಷ ತೊಳೆದು ತಡಮಾಡದೆ ವೈದ್ಯರ ಬಳಿ ಹೋಗುವುದು. ನಾರಾಯಣಗುಡದ ಐ.ಪಿ.ಎಂ.ನಲ್ಲಿ ಇದರ ಲಸಿಕೆ ಕೊಡುವುದು ಕೋಠಿಯ ಜನಕ್ಕೆ ತಿಳಿದದ್ದೇ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಔಷಧಿ ಇಲ್ಲವೆಂಬುದನ್ನು ಮರೆಯಬಾರದು.

ಬಾಡಿಗೆದಾರರು ಹೇಗೆ ಕೇಳಬೇಕು?

ಪ್ರಾಣಿ ಮನೆಗೆ ಬರುವ ಮೊದಲು ಕೇಳಬೇಕು. ಮರಿಯನ್ನು ಎದೆಗವಚಿಕೊಂಡು ಬಂದು "ಇಟ್ಟುಕೊಳ್ಳಲಾ?" ಎಂದರೆ ಅದು ಕೇಳಿದಂತಲ್ಲ, ಒತ್ತಾಯಿಸಿದಂತೆ. ನಾಲ್ಕು ಸಾಲು ಸಾಕು:

"ಮಾನ್ಯರೇ, ನಮ್ಮಲ್ಲಿರುವ ಬೆಕ್ಕಿನ ಜೊತೆಗೆ ಸುಮಾರು ಎರಡು ತಿಂಗಳ ಇನ್ನೊಂದು ಹೆಣ್ಣು ಮರಿಯನ್ನು ಸಾಕಲು ತಮ್ಮ ಅನುಮತಿ ಕೋರುತ್ತೇವೆ. ಮೊದಲ ಬೆಕ್ಕಿನ ಲಸಿಕೆ ಹಾಗೂ ಶಸ್ತ್ರಚಿಕಿತ್ಸೆಯ ಪತ್ರ ಲಗತ್ತಿಸಿದೆ. ಹೊಸ ಮರಿಗೂ ಸಕಾಲಕ್ಕೆ ಎರಡನ್ನೂ ಮಾಡಿಸಿ ಪತ್ರ ತೋರಿಸುತ್ತೇವೆ. ಇದರ ಜವಾಬ್ದಾರಿ ನನ್ನದು, ಮನೆ ಬಿಡುವಾಗ ನಾನೇ ಕರೆದೊಯ್ಯುತ್ತೇನೆ. ಮನೆಗೆ ಹಾನಿಯಾದರೆ ಸರಿಪಡಿಸಿಕೊಡುತ್ತೇನೆ."

ಇಂಥ ಪತ್ರ ಕೈಗೆ ಬಂದರೆ ಬೇಡವೆನ್ನಬೇಕೆಂದುಕೊಂಡಿದ್ದವರೂ ಒಮ್ಮೆ ಯೋಚಿಸುತ್ತಾರೆ.

ಒಪ್ಪಿದರೆ ಬರಹದಲ್ಲಿ

ಒಪ್ಪಿಗೆ ಕೊಟ್ಟರೆ ಹಳೆಯ ಅಗ್ರಿಮೆಂಟಿಗೆ ಒಂದು ಹಾಳೆ ಸೇರಿಸಿ ಇಬ್ಬರೂ ಸಹಿ ಮಾಡಿ. ಎರಡು ಪ್ರಾಣಿಗಳ ಗುರುತು, ಜವಾಬ್ದಾರರ ಹೆಸರು, ಹಂಚಿಕೊಂಡ ಮೆಟ್ಟಿಲು ಮತ್ತು ಮಹಡಿಯ ನಿಯಮ, ಹಾನಿಗೆ ಯಾರು ಹೊಣೆ ಎಂಬುದು, "ಈ ಒಪ್ಪಿಗೆ ಈ ಎರಡಕ್ಕೆ ಮಾತ್ರ" ಎಂಬ ಒಂದು ಸಾಲು. ಅಂದಿನ ನೆಲ, ಗೋಡೆ, ಬಾಗಿಲುಗಳ ಫೋಟೋ ತೆಗೆದು ಇಬ್ಬರೂ ಇಟ್ಟುಕೊಳ್ಳಿ. ಮೂರು ವರ್ಷದ ಮೇಲೆ ತೇಗದ ಬಾಗಿಲ ಮೇಲಿನ ಗೀರು ಹೊಸದೋ ಹಳೆಯದೋ ಎಂಬ ವಾದ ಬರುವುದಿಲ್ಲ.

ಹೆಚ್ಚಿನ ಅಡ್ವಾನ್ಸ್ ಕೇಳುವುದು ತಪ್ಪಲ್ಲ. ಆದರೆ ಅದು ಹಾನಿಯ ಲೆಕ್ಕಕ್ಕೆ ಸಂಬಂಧಿಸಿರಬೇಕು, ಹಾನಿಯಾಗದಿದ್ದರೆ ಹಿಂತಿರುಗಿಸಬೇಕು. ತಲೆಗಿಷ್ಟು ಎಂದು ತಿಂಗಳ ಬಾಡಿಗೆ ಏರಿಸಿದರೆ ಬಾಡಿಗೆದಾರರು ಮುಂದಿನ ಸಲ ಕೇಳದೆಯೇ ತರುತ್ತಾರೆ.

"ಮೂರು ತಿಂಗಳು ನೋಡೋಣ" ಎಂಬ ಷರತ್ತಿಗೆ ಒಂದು ತಿದ್ದುಪಡಿ ಬೇಕು. ಸರಿಹೋಗದಿದ್ದರೆ ಪ್ರಾಣಿ ಎಲ್ಲಿಗೆ ಹೋಗುತ್ತದೆ ಎಂಬುದು ಮೊದಲೇ ನಿಶ್ಚಯವಾಗಿರಬೇಕು. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಗುರಿಯಾಗುವಂತೆ ಬೀದಿಗೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ ಮಾತ್ರ, ಒಂದು ಆಟೋ ಬಾಡಿಗೆಯಷ್ಟೂ ಇಲ್ಲ. ದಂಡ ಸಣ್ಣದೆಂದು ಕೆಲಸ ಸಣ್ಣದಾಗುವುದಿಲ್ಲ.

ಇಲ್ಲ ಎನ್ನಬೇಕಾದಾಗ

ಎಲ್ಲ ಕೇಳಿದ ಮೇಲೂ ಬೇಡವೆನಿಸಬಹುದು. ಜಾಗ ಸಾಲದು, ನೆರೆಯವರಿಗೆ ಉಸಿರಾಟದ ತೊಂದರೆ, ಮೊದಲನೆಯದನ್ನೇ ಸರಿಯಾಗಿ ನೋಡಿಕೊಂಡಿಲ್ಲ, ಇವೆಲ್ಲ ಸರಿಯಾದ ಕಾರಣಗಳು. ಬೇಗ ಹೇಳಿ, ಕಾರಣ ಸಮೇತ ಹೇಳಿ. "ಮೊದಲನೆಯದು ಇರಲಿ, ಅದರ ಬಗ್ಗೆ ನಮಗೆ ಯಾವ ತಕರಾರೂ ಇಲ್ಲ" ಎಂಬ ಮಾತನ್ನು ತಪ್ಪದೆ ಸೇರಿಸಿ. ಇಲ್ಲದಿದ್ದರೆ ಇದ್ದದ್ದಕ್ಕೂ ಕುತ್ತು ಬಂತೆಂದು ಅವರು ಹೆದರುತ್ತಾರೆ.

ಸಿಕ್ಕ ಮರಿಗೆ ಬೇರೆ ಮನೆ ಹುಡುಕಲು ನೆರವಾಗುವುದು ಇನ್ನೂ ಒಳ್ಳೆಯದು. ಅಮಲಾ ಅಕ್ಕಿನೇನಿಯವರು 1992ರಲ್ಲಿ ಸ್ಥಾಪಿಸಿದ ಹೈದರಾಬಾದಿನ ಬ್ಲೂ ಕ್ರಾಸ್ ಇಂಥ ಕೆಲಸದಲ್ಲಿ ಹೆಸರಾದ ಸಂಸ್ಥೆ. ನಮ್ಮ ಸಂಘದ ಯುವಕರ ವಾಟ್ಸಾಪ್ ಬಳಗವೂ ಒಂದು ಬೆಕ್ಕಿನ ಮರಿಗೆ ಮನೆ ಹುಡುಕಲಾರದಷ್ಟು ಬಡವಾಗಿಲ್ಲ.

ಕೇಳದೆ ತಂದುಬಿಟ್ಟಿದ್ದರೆ? ಇದೇ ಹೆಚ್ಚು ನಡೆಯುವುದು. ಒಂದು ಬೆಳಿಗ್ಗೆ ಕಿಟಕಿಯಲ್ಲಿ ಎರಡು ತಲೆ ಕಾಣಿಸುತ್ತವೆ. ಆಗ ಮೆಟ್ಟಿಲಲ್ಲಿ ನಿಂತು ಕೂಗಾಡಬೇಡಿ. ಕರೆದು ಕೂರಿಸಿ, ಕೇಳದೆ ತಂದದ್ದು ತಪ್ಪೆಂದು ಸ್ಪಷ್ಟವಾಗಿ ಹೇಳಿ, ಆಮೇಲೆ ಅದೇ ಐದು ಪ್ರಶ್ನೆಗಳನ್ನು ಕೇಳಿ. ಉತ್ತರ ಸರಿಯಿದ್ದರೆ ಲಸಿಕೆಗೂ ಬರಹಕ್ಕೂ ಒಂದು ಗಡುವು ಕೊಡಿ. ಸರಿಯಿಲ್ಲದಿದ್ದರೆ ಬೇರೆ ಮನೆ ಹುಡುಕಲು ಸಾಕಷ್ಟು ದಿನ ಕೊಡಿ. ಬಚ್ಚಿಟ್ಟ ತಪ್ಪು ಮನುಷ್ಯರದು, ಶಿಕ್ಷೆ ಮರಿಗೆ ಆಗಬಾರದು.

ನಮ್ಮ ಹಿರಿಯರು ಪರಊರಿಗೆ ಬಂದು ಯಾರದೋ ಮಹಡಿಯಲ್ಲಿ ಬಾಡಿಗೆಗಿದ್ದು ಬಾಳು ಕಟ್ಟಿಕೊಂಡವರು. "ಊರಿಂದ ತಮ್ಮ ಬರ್ತಾನೆ, ಒಂದು ವರ್ಷ ಇಲ್ಲೇ ಇದ್ದು ಓದ್ತಾನೆ, ಆಗುತ್ತಾ?" ಎಂದು ಅವರೂ ಮಾಲೀಕರ ಬಾಗಿಲಲ್ಲಿ ನಿಂತು ಕೇಳಿದವರೇ. ಕೆಲವರಿಗೆ ಆಗಲಿ ಎಂಬ ಉತ್ತರ ಸಿಕ್ಕಿತು, ಕೆಲವರಿಗೆ ಸಿಗಲಿಲ್ಲ. ಇಂದು ಕೇಳುವವರೂ ನೀವೇ, ಉತ್ತರಿಸುವವರೂ ನೀವೇ. ಕೇಳುವಾಗ ಮುಚ್ಚುಮರೆ ಇಲ್ಲದಿರಲಿ, ಉತ್ತರಿಸುವಾಗ ಕಾರಣ ಇರಲಿ. ಒಂದೇ ಮೆಟ್ಟಿಲು ಹತ್ತಿ ಇಳಿಯುವವರು ಹೀಗೆ ನಡೆದುಕೊಂಡರೆ ಮನೆಯೂ ಉಳಿಯುತ್ತದೆ, ಮಾತೂ ಉಳಿಯುತ್ತದೆ, ಮರಿಗೂ ಒಂದು ನೆಲೆ ಸಿಗುತ್ತದೆ.